ತೂತಿಲ್ಲದ ಮಣಿ

ಐದನೆಯ ಕಡಲೆಕಾಯಿಯೂ ದಬ್ಬಳ ತಾಗುತ್ತಲೇ ಬಾಯಿ ಬಿಟ್ಟಿತು.

"ಇದೂ ಹೋಯ್ತು" ಎಂದು ಐಶ್ವರ್ಯ ಬೀಜಗಳನ್ನು ಬಾಯಿಗೆ ಹಾಕಿಕೊಂಡಳು. ಐದು ವರ್ಷದ ಅವಳಿಗೆ ನಷ್ಟದಲ್ಲೂ ಲಾಭವಿತ್ತು. ಸುಂದರೇಶ ಚುಚ್ಚಿಸಿಕೊಂಡ ಬೆರಳು ಚೀಪಿದ. ಮನೆಯ ಸಾಮಾನಿನಿಂದಲೇ ಒಂದು ಸರ ಮಾಡಿಸಿ ಸೋಮವಾರ ಕಳಿಸಬೇಕೆಂದು ಮಗಳ ಶಾಲೆಯವರು ಬರೆದಿದ್ದರು. ಹೆಂಡತಿ ಪರೀಕ್ಷಾ ಡ್ಯೂಟಿಗೆ ಹೊರಡುವ ಮುಂಚೆ ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಮ್ಯಾಕರೋನಿಯ ತಟ್ಟೆ ಇಟ್ಟು, ಪೋಣಿಸುವುದು ಅರ್ಥಶಾಸ್ತ್ರದ ಲೆಕ್ಚರರಿಗೆ ಅಷ್ಟೇನೂ ಕಷ್ಟವಾಗಲಾರದು ಎಂದಿದ್ದಳು.

"ನೋಡು, ತೂತಿರೋದು ಮಾತ್ರ ಸರಕ್ಕೆ" ಎಂದ. "ತೂತಿಲ್ದಿದ್ರೆ ಎಸ್ದುಬುಡು."

ಹದಿನಾಲ್ಕು ವರ್ಷದ ಪಾಠದಲ್ಲಿ ಇಷ್ಟು ಸ್ಪಷ್ಟವಾದ ಮಾತನ್ನು ಅವನು ಆಡಿರಲಿಲ್ಲ. ಮಗಳು ಗುಂಡಿ, ಸ್ಟ್ರಾ ತುಂಡು, ಪೆನ್ನಿನ ಮುಚ್ಚಳ, ಒಂದೊಂದನ್ನೂ ಕಣ್ಣಿಗೆ ಹಿಡಿದು ಆಚೆಯ ಬೆಳಕು ಕಾಣುತ್ತದೋ ಎಂದು ಪರೀಕ್ಷಿಸತೊಡಗಿದಳು.

ಅವನ ಕಣ್ಣು ಗಡಿಯಾರದ ಮೇಲಿತ್ತು. ಅವ್ವ ಮಹದೇವಮ್ಮ ಬೆಳಿಗ್ಗೆಯೇ ಇಲವಾಲದ ಕಡೆಯ ಮಠಕ್ಕೆ ಹೋಗಿದ್ದಳು. ಬರುವಾಗ ಹೊಸ ಶಿವದಾರ ತಂದು, ಮಗನ ಕೊರಳಿನ ಲಿಂಗದ ಹಳೆಯ ದಾರವನ್ನು ತಾನೇ ಕೈಯಾರೆ ಬದಲಿಸುವುದಾಗಿ ಹೇಳಿದ್ದಳು.

ತೊಂದರೆ ಇಷ್ಟೇ. ಕೊರಳಲ್ಲಿ ಲಿಂಗವಿರಲಿಲ್ಲ. ಹನ್ನೊಂದು ವರ್ಷದಿಂದ ಅದು ಬೆಳ್ಳಿಯ ಕರಡಿಗೆಯೊಳಗೆ, ಬೀರುವಿನಲ್ಲಿ, ಸ್ವೆಟರುಗಳ ಕೆಳಗಿತ್ತು. ಬಿಟ್ಟದ್ದಕ್ಕೆ ದೊಡ್ಡ ಕಾರಣವೂ ಇಲ್ಲ. ಒಂದು ದಿನ ಸೆಕೆಯೆಂದು ತೆಗೆದಿಟ್ಟವನು ಮತ್ತೆ ಹಾಕಿಕೊಳ್ಳಲಿಲ್ಲ. ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂಬುದೇ ಆಮೇಲೆ ಕಾಡತೊಡಗಿತು. ದಿನಾ ಹಣೆಗೆ ವಿಭೂತಿ ಬಳಿದು, ಕೋಣೆಯ ಬಾಗಿಲು ಮುಚ್ಚಿ, ಹತ್ತು ನಿಮಿಷ ಮೊಬೈಲು ನೋಡಿ ಹೊರಬರುತ್ತಿದ್ದ. ಪೂಜೆ ಮುಗಿಸಿದ ಆ ಮುಖ ನೋಡಿಯೇ ಅವ್ವ ಕಾಫಿ ಕುಡಿಯುತ್ತಿದ್ದಳು.

ಅವಳ ಪ್ರಕಾರ ಅವನ ತಾತ ಕೆರೆಯಲ್ಲಿ ಲಿಂಗ ಕಳಕೊಂಡಾಗ ಐದು ದಿನ ಉಗುಳನ್ನೂ ನುಂಗದೆ ದಂಡೆಯಲ್ಲಿ ಕೂತಿದ್ದ. ಆರನೆಯ ದಿನ ಹಲಸಿನಹಣ್ಣಿನಷ್ಟು ದೊಡ್ಡ ಕಪ್ಪೆಯೊಂದು ಅದನ್ನು ಬೆನ್ನ ಮೇಲೆ ಹೊತ್ತು ತಂದಿತು. ತರದಿದ್ದರೆ ಏನಾಗುತ್ತಿತ್ತೆಂದು ಚಿಕ್ಕವನಾಗಿದ್ದಾಗ ಕೇಳಿದ್ದ.

"ತರ್ದಿದ್ರೆ ತಾತ ಎಲ್ಲಿ ಬದುಕ್ತಿದ್ದ, ನೀನೆಲ್ಲಿ ಹುಟ್ತಿದ್ದೆ ಕಣಪ್ಪ?"

ಅವ್ವ ಬರುವ ಮುಂಚೆ ಹಾಕಿಕೊಂಡರಾಯಿತು. ಬೀರುವಿಗೆ ಹತ್ತೇ ಹೆಜ್ಜೆ. ಅವನು ಏಳಲಿಲ್ಲ. ಏಕೆ ಏಳುತ್ತಿಲ್ಲವೆಂದು ಯೋಚಿಸುತ್ತಿರುವಾಗಲೇ ಹೊಲಿಗೆ ದಾರ ತುಂಡಾಗಿ ಮ್ಯಾಕರೋನಿ ನೆಲದ ತುಂಬ ಓಡಿತು. ಐಶ್ವರ್ಯ ಗಟ್ಟಿ ದಾರ ಹುಡುಕಲು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಬಾಲ್ಕನಿಯ ಕಡೆಯಿಂದ ಅವಳ ದನಿ ಬಂತು. "ಅಪ್ಪ, ಇದ್ಕೆ ತೂತೇ ಇಲ್ಲ."

ಕಾಲೇಜಿನ ಗ್ರೂಪಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಕಳಿಸುತ್ತಿದ್ದವನು ತಲೆಯೆತ್ತಲಿಲ್ಲ. "ಎಸಿ."

ಕೆಳಗಿನ ಖಾಲಿ ಸೈಟಿನಲ್ಲಿ ನಾಯಿಯೊಂದು ಬೊಗಳಿ ಸುಮ್ಮನಾಯಿತು.

ಅವಳು ತಂದ ದಾರ ಬಿಳಿಯಾಗಿ, ದಪ್ಪಗೆ ಹುರಿಗೊಂಡಿತ್ತು. ಮ್ಯಾಕರೋನಿ ಸಲೀಸಾಗಿ ಇಳಿಯಿತು. ಎಲ್ಲಿ ಸಿಕ್ಕಿತೆಂದು ಅವನು ಕೇಳಲಿಲ್ಲ, ಶಹಬ್ಬಾಸ್ ಎಂದ. ಸರವನ್ನು ಮಗಳ ಕೊರಳಿಗೆ ಕಟ್ಟುವಾಗ ಆ ದಾರ ಬೆರಳುಗಳಿಗೆ ಮೊದಲೇ ಪರಿಚಯವಿದ್ದಂತಿತ್ತು. ತಲೆಗೆ ಮಾತ್ರ ಏನೂ ಹೊಳೆಯಲಿಲ್ಲ.

ಫೋನು ಬಂತು. ಅವ್ವ ಹಿನಕಲ್ ಸ್ಟಾಪಿನಲ್ಲಿ ಇಳಿದಿದ್ದಳು.

ಒಳಗೆ ಬೀರು ತೆರೆದಿತ್ತು. ಸ್ವೆಟರುಗಳು ಕೆಳಗೆ ಬಿದ್ದಿದ್ದವು. ಅವುಗಳ ನಡುವೆ ಕರಡಿಗೆಯೂ ಬಾಯಿ ತೆರೆದು ಕೂತಿತ್ತು.

"ಐಶು, ಇದ್ರೊಳಗಿದ್ದದ್ದು?"

"ನೀನೇ ಎಸಿ ಅಂದ್ಯಲ್ಲ."

ಅವನು ಬರಿಗಾಲಲ್ಲಿ ಎರಡು ಮಹಡಿ ಇಳಿದ. ರಸ್ತೆಗೆ ಟಾರು ಹಾಕಿದವರು ಉಳಿದದ್ದನ್ನೆಲ್ಲ ಆ ಸೈಟಿಗೆ ಸುರಿದು ಹೋಗಿದ್ದರು. ಗಿಡಗಳ ಬುಡದಲ್ಲಿ ಎಲ್ಲಿ ನೋಡಿದರೂ ಕಪ್ಪು ಉಂಡೆಗಳು. ಲಿಂಗವೂ ಕಪ್ಪಗಿತ್ತು, ಅಷ್ಟು ಖಂಡಿತ. ಆದರೆ ನಿಂಬೆಹಣ್ಣಿನಷ್ಟಿತ್ತೋ ಅಡಿಕೆಯಷ್ಟಿತ್ತೋ? ಹನ್ನೊಂದು ವರ್ಷ ಮುಚ್ಚಿಟ್ಟದ್ದರ ಗಾತ್ರ ನೆನಪಾಗಲಿಲ್ಲ. ಒಂದನ್ನು ಎತ್ತಿದ, ಬಿಸಾಡಿದ. ಬಿಸಾಡಿದ್ದೇ ಅದಾಗಿತ್ತೇನೋ ಎನ್ನಿಸಿ ಮತ್ತೆ ಹುಡುಕಿದ. ಇನ್ನೊಂದು ಸಿಕ್ಕಿತು. ನುಣುಪಾಗಿತ್ತು. ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣಿನ ಹತ್ತಿರ ತಂದು, ರೆಪ್ಪೆ ಬಡಿಯದೆ ನೋಡಿದ.

ತಲೆಯೆತ್ತಿದಾಗ ಅವ್ವ ರಸ್ತೆಯಲ್ಲಿ ನಿಂತಿದ್ದಳು. ಕಾದ ಟಾರಿನ ಮೇಲೆ ಚಪ್ಪಲಿ ಬಿಟ್ಟು, ಕೈಚೀಲವನ್ನು ಕಂಕುಳಿಗೆ ಸೇರಿಸಿ, ಅವನ ಅಂಗೈಯತ್ತ ಎರಡೂ ಕೈ ಜೋಡಿಸಿದ್ದಳು.

"ತಾತನ ಮೊಮ್ಮಗನೇ ಸರಿ" ಎಂದಳು ಮೆಲ್ಲಗೆ. "ನಿಧಾನವಾಗಿ ಪೂಜೆ ಮುಗಿಸ್ಕೊ ಮಗ. ನಾ ಕಾಯ್ತೀನಿ."

ಬಾಲ್ಕನಿಯಿಂದ ಹಳದಿ ಸರ ಜೋತಾಡಿಸಿಕೊಂಡು ಮಗಳು ಬಗ್ಗಿ ಕೇಳಿದಳು. "ಅಪ್ಪ, ಸಿಕ್ತಾ?"

ಅವನು ಕೈ ಇಳಿಸಲಿಲ್ಲ. ಬಿಸಿಲಿಗೆ ಅದು ಅಂಗೈಯಲ್ಲಿ ಮೆತ್ತಗಾಗಿ, ಬೆರಳ ಸಂದಿಗೆ ಅಂಟತೊಡಗಿತ್ತು.