ಗದ್ದವಿಲ್ಲದ ಕೆಂಚ

ತನ್ನ ನಾಯಿ ಕೆಂಚನ ಬಾಯಿಂದ ರಕ್ತ ಸೋರುತ್ತಿದ್ದುದನ್ನು ಮೊದಲು ಕಂಡವನು ನಾಗರಾಜು. ಸಾತನೂರಿನ ಹೊರಗೆ ಅವನದು ನಾಲ್ಕು ಹಸುಗಳ ಕೊಟ್ಟಿಗೆ, ಒಂದಿಷ್ಟು ಹಿಪ್ಪುನೇರಳೆ ತೋಟ. ಹಿಂದಿನ ವರ್ಷ ಆ ತೋಟದಲ್ಲಿ ಕಾಡುಹಂದಿ ಅವನ ಮೇಲೆ ನುಗ್ಗಿದಾಗ, ಅದರ ಕಿವಿ ಕಚ್ಚಿ ಹಿಡಿದು ಅವನನ್ನು ಉಳಿಸಿದ್ದು ಇದೇ ನಾಯಿ. ಹಾಗಾಗಿ ಬೆಂಗಳೂರಿನ ಪ್ರಾಣಿ ಆಸ್ಪತ್ರೆಯಲ್ಲಿ ಡಾಕ್ಟರು, “ಕ್ಯಾನ್ಸರ್ ಗಡ್ಡೆ. ಕೆಳದವಡೆಯ ಮುಂಭಾಗ ತೆಗೆದರೆ ಬದುಕುತ್ತೆ,” ಅಂದಾಗ ಅವನು ಹಿಂದೆಮುಂದೆ ನೋಡದೆ ಸಹಿ ಹಾಕಿದ.

ಆಪರೇಷನ್ ಆದ ಮೂರನೆಯ ದಿನ ನಾಯಿಯನ್ನು ಹೊರಗೆ ತಂದರು. ಗದ್ದವೇ ಇರಲಿಲ್ಲ. ನಾಲಿಗೆ ಪಕ್ಕಕ್ಕೆ ಜೋತುಬಿದ್ದು ಜೊಲ್ಲು ಇಳಿಯುತ್ತಿತ್ತು. ಕೆಂಚ ಬಾಲ ಆಡಿಸುತ್ತ ಬಂದು ಅವನ ಕೈ ನೆಕ್ಕಿತು. ನಾಗರಾಜು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಮನೆಯಲ್ಲಿ ಅದನ್ನು ನೋಡಿಕೊಂಡವಳು ಅವನ ಹೆಂಡತಿ ಭಾನುಪ್ರಿಯ. ರಾಗಿಮುದ್ದೆಯನ್ನು ಸಣ್ಣ ಉಂಡೆ ಮಾಡಿ ನಾಲಿಗೆಯ ಬುಡಕ್ಕಿಟ್ಟರೆ ತಲೆಯೆತ್ತಿ ನುಂಗುತ್ತಿತ್ತು. ನೀರನ್ನೂ ಅವಳೇ ಸಿರಿಂಜಿನಲ್ಲಿ ಬಿಡಬೇಕಿತ್ತು. ತಿಂಗಳಲ್ಲಿ ಕೆಂಚ ಮೈತುಂಬಿಕೊಂಡು, ಮೊದಲಿನಂತೆ ನಾಗರಾಜನ ಹಿಂದೆ ಹಾಲಿನ ಡೇರಿಗೂ ಹೊರಟಿತು.

“ಏನ್ಲಾ ನಾಗರಾಜು, ನಿನ್ ನಾಯಿ ಊರೋರ್ನೆಲ್ಲ ಅಣಕಿಸ್ತೈತಲ್ಲ!” ಎಂದ ಪಕ್ಕದ ತೋಟದ ಮುನಿಯಪ್ಪ. ಹಾಲು ಹಾಕಲು ಬಂದವರೆಲ್ಲ ನಕ್ಕರು. ನಾಗರಾಜನೂ ನಕ್ಕ. ಮನೆಗೆ ಬಂದವನೇ ಕೆಂಚನನ್ನು ಕೊಟ್ಟಿಗೆಯ ಹಿಂದೆ ಕಟ್ಟಿಹಾಕಿದ.

ಭಾನುಪ್ರಿಯ ತವರೂರು ತಿಪ್ಪಸಂದ್ರಕ್ಕೆ ಹೋಗಿ ಎರಡು ದಿನ ಬಿಟ್ಟು ಬಂದಾಗ ನಾಯಿ ಇರಲಿಲ್ಲ.

“ಹಗ್ಗ ಕಿತ್ಕಂಡು ಓಡೋಯ್ತು ಕಣಮ್ಮಿ.”

“ಹಗ್ಗ ಕಿತ್ತಿಲ್ಲ. ಬಿಚ್ಚೈತೆ.”

ಅವನು ಹಗ್ಗ ಸುತ್ತಿ ಮೊಳೆಗೆ ನೇತುಹಾಕಿದ. “ಕಾಡಂಚಿಗೆ ಬುಟ್ಬಂದೆ. ಅದ್ರ ಮೊಕ ನೋಡ್ಕಂಡು ಉಣ್ಣಕ್ಕಾಯ್ತಿಲ್ಲ ನಂಗೆ.”

“ತಾನಾಗಿ ಒಂದ್ ತೊಟ್ಟು ನೀರೂ ಕುಡಿಯಕ್ಕಾಗಲ್ಲ ಅದಕ್ಕೆ. ಗೊತ್ತಿರ್ಲಿಲ್ವಾ ನಿಮ್ಗೆ?”

“ಗೊತ್ತಿತ್ತು.”

ಮಾರನೆಯ ಮಧ್ಯಾಹ್ನ ಕೆಂಚ ತಾನೇ ನಡೆದು ಬಂತು. ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ನಾಲಿಗೆ ಒಣಗಿ, ಕಪ್ಪಾಗಿ, ಸೀಳಿಹೋಗಿತ್ತು, ಇರುವೆಗಳು ಮುತ್ತಿದ್ದವು. ಭಾನುಪ್ರಿಯ ಸಿರಿಂಜು ಹಿಡಿದು ಓಡಿದಳು. ನಾಯಿ ಅವಳನ್ನು ದಾಟಿಕೊಂಡು ಹೋಗಿ ನಾಗರಾಜನ ಪಾದದ ಮೇಲೆ ತಲೆಯಿಟ್ಟು, ಬಾಲವನ್ನು ಎರಡು ಸಲ ನೆಲಕ್ಕೆ ಬಡಿಯಿತು. ಅವನು ಕಾಲು ಹಿಂದಕ್ಕೆಳೆದುಕೊಂಡ. ಅವಳು ಬಿಟ್ಟ ನೀರೆಲ್ಲ ಹೊರಕ್ಕೆ ಹರಿಯಿತು. ಹಾಲು ಕರೆಯುವ ಹೊತ್ತಿಗೆ ಪ್ರಾಣ ಹೋಗಿತ್ತು.

ಸಂಜೆ ಡೇರಿಯಲ್ಲಿ ಮುನಿಯಪ್ಪ ವಿಚಾರಿಸಿದ.

“ಕ್ಯಾನ್ಸರ್ ಕಣ್ಲಾ. ಉಳೀಲಿಲ್ಲ,” ಎಂದ ನಾಗರಾಜು.

ಇನ್ನೊಂದು ಕ್ಯಾನು ಹಿಡಿದು ಹಿಂದೆಯೇ ನಿಂತಿದ್ದ ಭಾನುಪ್ರಿಯ ಎಲ್ಲರಿಗೂ ಕೇಳುವಂತೆ, “ಸುಳ್ಳು. ಬಾಯಿಲ್ದಿರೋ ನಾಯಿನ ಕಾಡಿಗೆ ಬುಟ್ಟು ಸಾಯಿಸ್ದ ಇವ್ನು,” ಎಂದಳು.

“ಓಗ್ಲಿ ಬುಡವ್ವ, ನಾಯಿ ತಾನೆ,” ಎಂದ ಮುನಿಯಪ್ಪ. “ಇನ್ನೊಂದ್ ಮರಿ ತಂದ್ಕೊಟ್ರಾಯ್ತು.”

“ಒಸಿ ಚೆಂದಾಗಿರೋದ ನೋಡಿ ತಾ ಕಣ್ಲಾ,” ಎನ್ನುತ್ತ ನಾಗರಾಜು ಕ್ಯಾನಿನ ಮುಚ್ಚಳ ತೆಗೆದ.