ಗಂಜಿ ಹೋದ ಕಂಬಳಿ

ಬೀರವ್ವ ಕಂಬಳಿಗೆ ಅಂಟಿದ್ದ ಮುಳ್ಳುಗಳನ್ನು ಕೀಳುತ್ತಿದ್ದಳು. ಎದುರಿಗೆ ಅತ್ತೆ ಹುಚ್ಚವ್ವ ಕೂಸಿನ ಕೆನ್ನೆಯ ಕೆಂಪು ಗುಳ್ಳೆಗಳಿಗೆ ಎಣ್ಣೆ ಹಚ್ಚುತ್ತಿದ್ದಳು.

ಕುರಿ ಹೊಡೆದುಕೊಂಡು ಶಿರಹಟ್ಟಿ ದಾಟಿ ಮುಂಡರಗಿಯ ಕಡೆ ಹೊರಟವರು ಅವರು. ಹಿಂದಿನ ರಾತ್ರಿ ಕೆರೆ ದಂಡೆಯ ಹೊಲದಲ್ಲಿ ಸೊಳ್ಳೆಗಳು ಕೂಸನ್ನು ಮಲಗಗೊಟ್ಟಿರಲಿಲ್ಲ. ತಪ್ಪು ಬೀರವ್ವನದೇ. ಹೊಸ ಕಂಬಳಿ ಕೂಸಿಗೆ ಚುಚ್ಚೀತೆಂದು ಅದನ್ನು ಹಳ್ಳದಲ್ಲಿ ನೆನೆಹಾಕಿ ತಿಕ್ಕಿದ್ದಳು. ನೇಯುವಾಗ ಹಚ್ಚಿದ್ದ ಹುಣಸೆಬೀಜದ ಗಂಜಿಯೆಲ್ಲ ತೊಳೆದುಹೋಗಿ, ಕೂಸಿನ ಮೇಲೆ ಗುಡಾರದಂತೆ ಬಿರುಸಾಗಿ ನಿಲ್ಲಬೇಕಿದ್ದ ಕಂಬಳಿ ಈಗ ಹಳೇ ಸೀರೆಯಂತೆ ಮೈಗೆ ಬೀಳುತ್ತಿತ್ತು. ಸೊಳ್ಳೆಗಳು ಅದರ ಮೇಲೆ ಕೂತೇ ಕಚ್ಚಿದ್ದವು.

"ಕಂಬಳಿ ಗಂಜಿ ತೊಳದಾಕಿನ್ನ ಇವತ್ತ ನೋಡಿದ್ನಿ," ಎಂದಳು ಹುಚ್ಚವ್ವ. "ನಾಳಿ ಕುರಿಗೂ ಸಾಬಾನ ಹಚ್ಚತಾಳ ನೋಡು."

ಗಂಡ ಫಕೀರೇಶ ನಗಲಿಲ್ಲ. "ಇವತ್ತೂ ಕೂಸು ಹಿಂಗ ಅತ್ತರ ಮುಂಜಾನೆ ನಿನ್ನೂ ಕೂಸನ್ನೂ ಬಸ್ಸಿಗೆ ಹತ್ತಸ್ತೀನಿ. ಊರಾಗ ಇರ್ರಿ."

ಮದುವೆಯಾದಾಗಿನಿಂದ ಅವನು ಕುರಿಯ ಹಿಂದೆ, ಬೀರವ್ವ ಊರಲ್ಲಿ. ಜೊತೆಗೆ ಹೊರಟದ್ದು ಇದೇ ಮೊದಲು. ಅವಳು ಕಂಬಳಿಯಿಂದ ಇನ್ನೊಂದು ಮುಳ್ಳು ಕಿತ್ತಳು.

ಸಂಜೆ ಸುತ್ತ ಬಲೆಯ ಬೇಲಿ ಕಟ್ಟಿ ಕುರಿಗಳನ್ನು ಒಳಗೆ ತರುಬಿದರು. ಫಕೀರೇಶ ಮರಿಗಳ ಮಗ್ಗುಲಿಗೆ ಒಣ ಕುರಿಹಿಕ್ಕೆ, ಬೇವಿನ ತಪ್ಪಲು ಹಾಕಿ ಹೊಗೆ ಎಬ್ಬಿಸಿದ. ಕೂಸಿಗೆ ಹೊಗೆ ಆಗದೆಂದು ಹುಚ್ಚವ್ವ ಹಾಸಿಗೆಯನ್ನು ಆಚೆ ತುದಿಗೆ ಹಾಸಿದಳು. ಕತ್ತಲಾಗುವ ಮೊದಲೇ ಸೊಳ್ಳೆಗಳು ಮುತ್ತಿದವು. ಕೂಸು ಕಿರಗುಟ್ಟತೊಡಗಿತು.

ಬೀರವ್ವ ಕುರಿಗಳ ಕಡೆ ನೋಡಿದಳು. ದೂರದವು ಕಾಲು ಝಾಡಿಸುತ್ತಿದ್ದವು. ಮರಿಗಳು ಮಾತ್ರ ಕಿವಿ ಕೂಡ ಅಲ್ಲಾಡಿಸದೆ ಮಲಗಿದ್ದವು. ಹೊಗೆ ಅವುಗಳ ತಲೆಯ ಮೇಲಿಂದ ತೆಳ್ಳಗೆ ಹಾಯ್ದುಹೋಗುತ್ತಿತ್ತು. ಅವಳು ಯಾರನ್ನೂ ಕೇಳದೆ ಕೂಸನ್ನೆತ್ತಿಕೊಂಡು ಹೋಗಿ ಮರಿಗಳ ಪಕ್ಕಕ್ಕೇ ಮಲಗಿದಳು.

"ಏ ಯವ್ವಾ, ಕೂಸಿಗೆ ಹೊಗಿ ಹತ್ತತೈತಿ!" ಹುಚ್ಚವ್ವ ಓಡಿ ಬಂದು ಬಗ್ಗಿ ಮೂಸಿದಳು. "ಖರೆ, ತಳಕ ಹೊಗೀನ ಇಲ್ಲ."

"ಗುಂಗಾಡನೂ ಇಲ್ರಿ ಅತ್ತಿ." ಬೀರವ್ವ ಕೈ ಬೀಸಿ ತೋರಿಸಿದಳು; ಒಂದು ಸೊಳ್ಳೆಯೂ ಏಳಲಿಲ್ಲ.

ಬೀರವ್ವನ ತೋಳಿನ ಮೇಲೆ ಕೂಸು ನಿದ್ದೆಹೋಯಿತು. ಫಕೀರೇಶ ಬಹಳ ಹೊತ್ತು ನಿಂತು ನೋಡಿದ. "ಬಸ್ಸು ಬ್ಯಾಡ ಬಿಡು," ಎಂದು ಅಲ್ಲೇ ನೆಲಕ್ಕೊರಗಿದ. ಹುಚ್ಚವ್ವನೂ ಗಂಟನ್ನು ತಲೆಗಿಟ್ಟುಕೊಂಡು ಉರುಳಿದಳು. ದಿನವಿಡೀ ನಡೆದ ಮೈ. ಇಬ್ಬರ ಗೊರಕೆಯೂ ಬೇಗನೆ ಎದ್ದಿತು.

ಬೀರವ್ವನ ಕೈ ಜೋಮು ಹಿಡಿದಿತ್ತು, ಆದರೆ ಕೂಸನ್ನು ಇಳಿಸಲು ಮನಸ್ಸಾಗಲಿಲ್ಲ. ಬಾಯಿ ಒಣಗಿತ್ತು.

"ಯಾರರೆ ಈಟು ನೀರು ಕೊಡ್ರಿ," ಎಂದಳು ಮೆಲ್ಲಗೆ. ಗೊರಕೆಗಳು ನಿಲ್ಲಲಿಲ್ಲ.