ಒಂಬತ್ತನೇ ಸಲದ ಹಳದಿ ಚೀಟಿ

ಆ ದಿನದ ಆಟಕ್ಕೆ ಬಲೂನುಗಳು ಬಂದಿದ್ದವು.

ಎರಡು ವಾರಕ್ಕೊಮ್ಮೆ ತಂಡದವರೆಲ್ಲ ಕೂತು, ಮಾಡಿದ ಕೆಲಸದಲ್ಲಿ ಏನು ಸರಿಹೋಯಿತು, ಎಲ್ಲಿ ಎಡವಿದೆವು ಎಂದು ಮಾತಾಡುವ ಸಭೆಗೆ ಆಫೀಸಿನಲ್ಲಿ ರೆಟ್ರೋ ಎನ್ನುತ್ತಿದ್ದರು. ಜನ ಆಕಳಿಸುತ್ತಾರೆಂದು ಮ್ಯಾನೇಜರ್ ಸಭೆ ನಡೆಸಿಕೊಡಲು ಒಬ್ಬ ಕೋಚ್‌ನನ್ನು ಗೊತ್ತು ಮಾಡಿದ್ದ. ಆತ ಒಂದು ಸಲ ಗೋಡೆ ತುಂಬ ಹಡಗು ಬರೆಸಿದ, ಇನ್ನೊಂದು ಸಲ ಎಲ್ಲರ ತಲೆಗೂ ಬಣ್ಣದ ಟೋಪಿ ಹಾಕಿಸಿದ, ಮತ್ತೊಂದು ಸಲ ಜೇಡಿಮಣ್ಣು ಹಂಚಿ ಮನಸ್ಸಿನಲ್ಲಿದ್ದುದನ್ನು ಮಾಡಿ ತೋರಿಸಿ ಎಂದ. ಹುಡುಗರು ಅವನಿಗೆ ಆಟದ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಮನುಷ್ಯ ಒಳ್ಳೆಯವನೇ. ತಂಡದಲ್ಲಿ ಮೊದಲಿನಿಂದ ಬಂದ ರೂಢಿಯಂತೆ, ಸಭೆ ಮುಗಿದೊಡನೆ ಬೋರ್ಡಿನ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕುತ್ತಿದ್ದ. ಅದನ್ನು ಆಮೇಲೆ ಯಾರೂ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಆಟ ಬದಲಾದರೂ ತಂಡದಲ್ಲಿ ತಪ್ಪು ಹುಡುಕುವ ಕೆಲಸದವಳಾದ ಟೆಸ್ಟರ್ ಬೋರ್ಡಿಗೆ ಹಚ್ಚುವ ಚೀಟಿ ಮಾತ್ರ ಬದಲಾಗಲಿಲ್ಲ. ಇವರು ಮಾಡುತ್ತಿದ್ದುದು ಆಸ್ಪತ್ರೆಯಲ್ಲಿ ಡಾಕ್ಟರರ ಸಮಯ ಕಾದಿರಿಸುವ ಆ್ಯಪ್. ಚಿಕ್ಕ ಫೋನುಗಳಲ್ಲಿ ಕೊನೆಗೆ ಒತ್ತಬೇಕಾದ ಬಟನ್ನೇ ಪರದೆಯ ಕೆಳಗೆ ಮುಚ್ಚಿಹೋಗುತ್ತಿತ್ತು. ಅವಳ ಅತ್ತೆಯೇ ಬುಕ್ ಆಯಿತೆಂದುಕೊಂಡು ಹೀಗೆ ಮೋಸಹೋಗಿ, ಮಂಡಿನೋವು ಹೊತ್ತು ಮೂರು ತಾಸು ಬೆಂಚಿನ ಮೇಲೆ ಕೂತು ವಾಪಸ್ಸು ಬಂದಿದ್ದರು. "ನಿಮ್ಮ ಆ್ಯಪ್‌ನಲ್ಲೇ ಬುಕ್ ಮಾಡಿದ್ನಲ್ಲಮ್ಮಾ," ಎಂದು ಅವರು ಕೇಳಿದಾಗ ಅವಳಿಗೆ ನಾಚಿಕೆಯಿಂದ ಸಾಯುವಂತಾಗಿತ್ತು. ಅಂದು ಬರೆದ ಹಳದಿ ಚೀಟಿಯನ್ನೇ ಎಂಟು ಸಭೆಗಳಿಂದ ಹಚ್ಚುತ್ತಿದ್ದಳು. ಅಂಟು ಸತ್ತು ಈಗ ಗುಂಡುಪಿನ್ನು ಬೇಕಾಗುತ್ತಿತ್ತು. ಪ್ರತಿ ಸಲವೂ "ಮುಂದೆ ನೋಡೋಣ" ಎಂದು ಅದನ್ನು ಮೂಲೆಗೆ ಸರಿಸುತ್ತಿದ್ದರು. ಅವಳಿಗೆ ಸಿಕ್ಕಿದ್ದು ತಕರಾರಕ್ಕ ಎಂಬ ಬಿರುದು ಮಾತ್ರ.

ಬೆಳಿಗ್ಗೆ ಮ್ಯಾನೇಜರ್ ಅವಳ ಮೇಜಿನ ಹತ್ತಿರವೇ ಬಂದಿದ್ದ. ಹೋದ ವರ್ಷದವರೆಗೂ ಇದೇ ತಂಡದಲ್ಲಿ ಪ್ರೋಗ್ರಾಮರ್ ಆಗಿದ್ದು, ಬಾಯ್ತುಂಬ "ಅಕ್ಕಾ" ಎನ್ನುತ್ತಿದ್ದವನು. ಬಡ್ತಿ ಸಿಕ್ಕ ಮರುದಿನದಿಂದ ಅಕ್ಕ ಹೋಗಿ ಮೇಡಂ ಬಂದಿತ್ತು.

"ಮೇಡಂ, ಇವತ್ತೂ ಆ ಚೀಟಿ ಬೋರ್ಡಿಗೆ ಬಂದ್ರೆ ಮುಂದಿನ ತಿಂಗಳಿಂದ ನೀವು ಬೇರೆ ಟೀಮು. ಎಲ್ಲರ ಉತ್ಸಾಹ ಹಾಳಾಗ್ತಿದೆ."

ಉತ್ಸಾಹವಂತೆ! ಅವಳಿಗೆ ಪಿತ್ತ ನೆತ್ತಿಗೇರಿತು. ಬೇರೆ ತಂಡಕ್ಕೆ ಹೋದರೆ ಈ ಬಟನ್ನಿಗೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ. ಹಿಂದಿನ ಸಂಜೆ ಅವಳು ಆ ಹಳೆಯ ಫೋಟೋಗಳನ್ನೆಲ್ಲ ಕೂತು ನೋಡಿದ್ದಳು. ಎಲ್ಲಕ್ಕಿಂತ ಹಳೆಯದು ಕಣ್ಣಿಗೆ ಬಿದ್ದಾಗ ಒಬ್ಬಳೇ ಜೋರಾಗಿ ನಕ್ಕಿದ್ದಳು.

ಸಭೆಯಲ್ಲಿ ಮೇಷ್ಟ್ರು ಬಲೂನು ಹಂಚತೊಡಗಿದ. "ಬೇಜಾರಾದ ಒಂದೊಂದು ಸಂಗತಿ ಇದ್ರ ಮೇಲೆ ಬರೀರಿ, ಆಮೇಲೆ ಟಪ್ ಅಂತ ಒಡೆದುಬಿಡಿ!"

ಅವಳು ಬಲೂನು ಮುಟ್ಟಲಿಲ್ಲ. ಎದ್ದುಹೋಗಿ ಬೋರ್ಡಿನ ನಟ್ಟನಡುವೆ ಹಳದಿ ಚೀಟಿ ಚುಚ್ಚಿದಳು. ಮ್ಯಾನೇಜರನ ಮುಖ ಬಿಗಿಯಿತು.

"ಹೇಳಿದ್ದು ಕಿವಿಗೆ ಬೀಳಲಿಲ್ವಾ ಮೇಡಂ?"

"ಬಿತ್ತು ಸರ್. ಹೊಸ ಆಟ ಬೇಕು ಅಂತೀರಲ್ಲ, ಇವತ್ತು ನಂದೊಂದು ಇದೆ. ಹಳೇ ಫೋಟೋ ನೋಡೋದು, ಕೈಬರಹ ಯಾರದು ಅಂತ ಹೇಳೋದು. ಅಷ್ಟೇ."

ಹುಡುಗರು ಕಿಸಕ್ಕನೆ ನಕ್ಕರು. ಯಾರಾದರೂ ಬೇಡವೆನ್ನುವ ಮೊದಲೇ ಗೋಡೆಯ ಪರದೆಯ ಮೇಲೆ ಫೋಟೋ ಮೂಡಿತು. ಮೇಷ್ಟ್ರು ಬರುವುದಕ್ಕೂ ಮುಂಚಿನದು, ಎರಡು ವರ್ಷದ ಹಿಂದಿನ ಮೊಟ್ಟಮೊದಲ ಸಭೆಯದು. ಬೋರ್ಡಿನ ತುದಿಯಲ್ಲೊಂದು ನೀಲಿ ಚೀಟಿ: 'ಚಿಕ್ಕ ಫೋನಲ್ಲಿ ಬಟನ್ ಕಾಣ್ತಿಲ್ಲ. ಜನ ಪರದಾಡ್ತಾರೆ. ಮೊದಲು ಇದು ಸರಿಮಾಡೋಣ!!!'

ಆ ಹಿಂದಕ್ಕೆ ವಾಲಿದ ಅಕ್ಷರ ಎಲ್ಲರಿಗೂ ಗೊತ್ತಿತ್ತು. ರಜೆಯ ಅರ್ಜಿಗಳ ಮೇಲೆ 'ಆಗುವುದಿಲ್ಲ' ಎಂದು ಬರೆಯುವ ಅಕ್ಷರ. ಎಲ್ಲರೂ ಮ್ಯಾನೇಜರನತ್ತ ತಿರುಗಿದರು.

"ಬರೆದೋರು ನೀವು," ಎಂದಳು ಅವಳು. "ಮೂರು ಆಶ್ಚರ್ಯ ಚಿಹ್ನೆ ಹಾಕಿದೋರೂ ನೀವೇ. ಯಾವ ಟೀಮಿಗಾದ್ರೂ ಕಳ್ಸಿ, ಅಲ್ಲಿಂದಲೂ ಬಂದು ಈ ಚೀಟಿ ಚುಚ್ಚಿ ಹೋಗ್ತೀನಿ."

ತನ್ನ ಹಳೆಯ ಚಿಕ್ಕ ಫೋನನ್ನು ಅವನ ಮುಂದಿಟ್ಟಳು. ಹಿಂದಿನ ಮುಚ್ಚಳ ಬೀಳದಂತೆ ಅದಕ್ಕೊಂದು ರಬ್ಬರ್ ಬ್ಯಾಂಡ್ ಸುತ್ತಿದ್ದಳು. "ನಿಮ್ಮ ಹೆಸರಲ್ಲೇ ಒಂದು ಬುಕ್ ಮಾಡಿ, ನೋಡೋಣ."

ಅವನು ಫೋನು ಎತ್ತಿಕೊಂಡ. ಹೆಸರು ಹಾಕಿದ, ದಿನ ಆರಿಸಿದ, ಹೆಬ್ಬೆರಳಿನಿಂದ ಮೇಲೆ ತಳ್ಳಿದ, ಕೆಳಗೆ ಎಳೆದ. ಫೋನು ಅಡ್ಡ ತಿರುಗಿಸಿದ. ಮೇಷ್ಟ್ರ ಕೈಯಿಂದ ಒಂದು ಬಲೂನು ಜಾರಿ ಮೇಜಿನ ಕೆಳಗೆ ಹೋಯಿತು.

ಕಡೆಗೆ ಅವನು ಹಣೆ ಒರೆಸಿಕೊಂಡು ತಲೆಯೆತ್ತಿದ.

"ಬಟನ್ ಎಲ್ಲಿದೆ ಅಕ್ಕಾ?"